ಡಾಲರಿನ ತುರುಬು

ಉಗುರು ಕತ್ತರಿಸುವ ಕತ್ತರಿ ನಮ್ಮ ಮನೆಯಲ್ಲಿ ಎಂದೂ ಇಟ್ಟಲ್ಲಿ ಇರುವುದಿಲ್ಲ. ಮೊನ್ನೆ ಅದನ್ನು ಹುಡುಕುತ್ತ ಮೇಜಿನ ಕೆಳಗಿನ ಖಾನೆ ಎಳೆದೆ. ಕತ್ತರಿ ಸಿಗಲಿಲ್ಲ. ಮುರಿದ ಕನ್ನಡಕದ ಒಂದು ಕಾಲು, ಯಾವ ಕೀಲಿಗೂ ಹೊಂದದ ಮೂರು ಕೀಲಿಕೈ, ಒಣಗಿ ಕಲ್ಲಾದ ಅಂಟಿನ ಬಾಟಲಿ, ಇವುಗಳ ಅಡಿಯಲ್ಲಿ ನಶ್ಯದ ಹಳೆಯ ಡಬ್ಬಿ ಸಿಕ್ಕಿತು. ಡಬ್ಬಿಯಲ್ಲಿ ಹತ್ತಿ, ಹತ್ತಿಯಲ್ಲಿ ಒಂದು ಬೆಳ್ಳಿ ನಾಣ್ಯ. ಅಂಗೈಯ ನಡುವಿನ ಗುಳಿ ತುಂಬುವಷ್ಟು ದೊಡ್ಡದು. ಅದರ ಮೇಲೆ ಬಲಕ್ಕೆ ಮುಖ ಮಾಡಿದ ಒಬ್ಬ ಹೆಂಗಸಿದ್ದಾಳೆ. ಹಣೆಗೆ ಬೊಟ್ಟು ಇದೆ, ಮೂಗಿಗೆ ಮೂಗುಬೊಟ್ಟು ಇದೆ, ಕೊರಳಲ್ಲಿ ತಾಳಿ ಇದೆ. ತಲೆಯ ಹಿಂಭಾಗದಲ್ಲಿ ಕೂದಲು ಮಾತ್ರ ಇಲ್ಲ. ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ ‘ಲಿಬರ್ಟಿ’ ಎಂದು ಬರೆದಿದೆ. ಕೆಳಗೆ ಇಸವಿ, ಹದಿನೇಳು ನೂರಾ ತೊಂಬತ್ತೈದು.

ನೀವು ನಾಣ್ಯ ಕೂಡಿಹಾಕುವ ಪೈಕಿಯವರಾದರೆ ಈಗ ನೆಟ್ಟಗೆ ಎದ್ದು ಕೂತಿರುತ್ತೀರಿ. ದಯವಿಟ್ಟು ಮತ್ತೆ ಒರಗಿಕೊಳ್ಳಿ. ಅಮೇರಿಕಾದವರು ತಮ್ಮ ದೇಶ ಕಟ್ಟಿಕೊಂಡ ಹೊಸತರಲ್ಲಿ ಹಾಕಿಸಿದ ಡಾಲರು ಇದು ಎಂಬುದು ಖರೆ. ಆದರೆ ಅವರು ಅದಕ್ಕೆ ಮೂಗುಬೊಟ್ಟು ಇಟ್ಟಿರಲಿಲ್ಲ. ಅದು ನಮ್ಮ ಹಳಿಯಾಳದಲ್ಲಿ ಆದ ಕೆಲಸ.

ನಾಣ್ಯದ ಹುಚ್ಚು ನನಗೆ ಯಾವಾಗ ಹಿಡಿಯಿತು ಎಂದು ಕೇಳಿದರೆ, ಆರನೆಯ ವಯಸ್ಸಿನಲ್ಲಿ ಎನ್ನಬೇಕು. ಆಗ ಒಂದು ತಾಮ್ರದ ಪೈ ನುಂಗಿದ್ದೆ. ಅಪ್ಪ ಮೂರು ದಿನ ನನಗೆ ಬಾಳೆಹಣ್ಣು ತಿನ್ನಿಸಿ, ಹಿತ್ತಲಲ್ಲಿ ಕೂರಿಸಿ, ಕೈಯಲ್ಲೊಂದು ಕಡ್ಡಿ ಹಿಡಿದು ಕಾದರು. ಮೂರನೆಯ ದಿನ ಪೈ ಹೊರಬಂತು. ಅವ್ವ ಅದನ್ನು ಬೂದಿಯಲ್ಲಿ ತಿಕ್ಕಿ ತೊಳೆದು ನನ್ನ ಕೈಗೇ ಕೊಟ್ಟಳು. ಇಷ್ಟು ತ್ರಾಸ ಕೊಟ್ಟದ್ದನ್ನು ಖರ್ಚು ಮಾಡಬೇಡ, ಇಟ್ಟುಕೋ ಎಂದಳು. ಹೀಗೆ ನನ್ನ ಸಂಗ್ರಹದ ಮೊದಲ ನಾಣ್ಯ ನನ್ನೊಳಗಿಂದಲೇ ಬಂದದ್ದು. ಇಂಥ ಹೆಮ್ಮೆ ಎಷ್ಟು ಮಂದಿಗೆ ಉಂಟು?

ದೊಡ್ಡವನಾದ ಮೇಲೆ ಹುಚ್ಚಿಗೆ ತಕ್ಕ ನೌಕರಿಯೇ ಸಿಕ್ಕಿತು. ನಾನು ದೇವಿ ಹಾಕುವವನಾದೆ. ಈಗಿನವರಿಗೆ ಬಿಡಿಸಿ ಹೇಳಬೇಕು: ಊರೂರಿಗೆ ಸೈಕಲ್ ಮೇಲೆ ಹೋಗಿ ಜನರ ತೋಳಿಗೆ ಸಿಡುಬಿನ ಲಸಿಕೆ ಹಾಕುವ ಸರಕಾರಿ ಮನುಷ್ಯ. ಹಳಿಯಾಳ, ದಾಂಡೇಲಿ, ಜೋಯಿಡಾ ಕಡೆಯ ಹಳ್ಳಿಗಳು, ಒಮ್ಮೊಮ್ಮೆ ಮುಂಡಗೋಡದ ಕಡೆಗೂ ಹೋಗುವ ಹುಕುಂ. ನಾನು ಊರೊಳಗೆ ಕಾಲಿಟ್ಟರೆ ಮಕ್ಕಳು ಹುಲ್ಲಿನ ಬಣವೆಯೊಳಗೆ, ಗಂಡಸರು ಕಾಡೊಳಗೆ ಅಡಗುತ್ತಿದ್ದರು. ಸಿಕ್ಕವರಿಗೆ ನಾನು ಮೊದಲು ಭಾಷಣ ಕೊಡುತ್ತಿದ್ದೆ. ರೋಗ ಬರುವುದು ದೇವಿಯ ಸಿಟ್ಟಿನಿಂದ ಅಲ್ಲ, ಹರಕೆ ಕಟ್ಟಿಕೊಂಡರೆ ಹೋಗುವುದಿಲ್ಲ, ಮೂಢನಂಬಿಕೆ ಬಿಡಿ, ತೋಳು ಮುಂದೆ ಮಾಡಿ. ಈ ಭಾಷಣ ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಕಳೆಯಲು ಬೇಕಾಗುತ್ತದೆ.

ತೋಳು ಮುಂದೆ ಮಾಡಿದವರ ಕೊರಳು ನನ್ನ ಕಣ್ಣಿಗೆ ಬೀಳುತ್ತಿತ್ತು. ಕೊರಳಲ್ಲಿ ಕರಿದಾರ, ದಾರದಲ್ಲಿ ನಾಣ್ಯ. ಆಗ ಹೊಸ ಪೈಸೆ ಬಂದು ನಾಲ್ಕಾರು ವರ್ಷವಾಗಿತ್ತು. ಹಳೆಯ ದುಡ್ಡನ್ನು ಜನ ಸಸಾರ ಮಾಡುತ್ತಿದ್ದರು, ಕೇಳಿದರೆ ಕೊಡುತ್ತಿದ್ದರು. ಕೇಳಿದವನು ಮೂರ್ಖ ಎಂದು ಗೊತ್ತಾದರೆ ಬೇರೆ ಏನನ್ನಾದರೂ ಕೊಡುತ್ತಿದ್ದರು. ಮುಂಡಗೋಡದ ಸಂತೆಯಲ್ಲಿ ನಾನು ವಿಜಯನಗರದ ಕಾಲದ್ದೆಂದು ತಂದದ್ದು ಬ್ಯಾಂಡ್ ಬಾರಿಸುವವರ ಕೋಟಿನ ಗುಂಡಿಯಾಗಿತ್ತು. ರೋಮನ್ ಚಕ್ರವರ್ತಿಯದೆಂದು ಮೂರು ತಿಂಗಳು ತಲೆದಿಂಬಿನ ಕೆಳಗಿಟ್ಟುಕೊಂಡದ್ದು ದಾಂಡೇಲಿ ಕಡೆಯ ಕಟ್ಟಿಗೆ ಡಿಪೋದ ಕೂಲಿಯವರ ಹಾಜರಿ ಬಿಲ್ಲೆ.

ಈ ಎರಡನ್ನೂ ಕಂಡುಹಿಡಿದವರು ಧಾರವಾಡದ ಕೋಟಬಾಗಿ ವಕೀಲರು. ತಿಂಗಳಿಗೊಮ್ಮೆ ಅವರ ಮನೆಯ ಪಡಸಾಲೆಯಲ್ಲಿ ನಾಣ್ಯದ ಗೀಳಿನ ಐದಾರು ಹಿರಿಯರು ಸೇರುತ್ತಿದ್ದರು. ಅಲ್ಲೊಂದು ಕೆಂಪು ರಟ್ಟಿನ ಪುಸ್ತಕವಿತ್ತು. ತಮ್ಮಲ್ಲಿ ಯಾರೂ ನೋಡದ ಒಂದು ನಾಣ್ಯವನ್ನು ತಂದು ತೋರಿಸಿದವನ ಹೆಸರನ್ನು ಮಾತ್ರ ಅದರಲ್ಲಿ ಬರೆಯುತ್ತಿದ್ದರು. ನನಗೆ ಆ ಪುಸ್ತಕದಲ್ಲಿ ಹೆಸರು ಬೇಕಾಗಿತ್ತು. ಬಡ್ತಿ ಬೇಡ, ಬೇರೆ ಏನೂ ಬೇಡ, ಅಲ್ಲೊಂದು ಸಾಲು ಬೇಕು. ನನ್ನ ಚಕ್ರವರ್ತಿಯನ್ನು ಅಂಚೆಯಲ್ಲಿ ಕಳಿಸಿದಾಗ ವಕೀಲರು ಕಾರ್ಡು ಬರೆದಿದ್ದರು: ‘ಈ ಮಹಾರಾಜರ ಹೆಸರು ಡಿಪೋದ ಹಾಜರಿ ಪುಸ್ತಕದಲ್ಲಿ ಸಿಕ್ಕೀತು. ತಾವು ಲಸಿಕೆ ಹಾಕುವುದನ್ನು ಮುಂದುವರಿಸಬೇಕು.’ ಆ ಕಾರ್ಡನ್ನು ಪೋಸ್ಟ್‌ಮನ್ ನಮ್ಮ ಓಣಿಯಲ್ಲಿ ಓದುತ್ತ ಬಂದನಾದ್ದರಿಂದ ಊರಿಗೆಲ್ಲ ತಿಳಿಯಿತು.

ಡಾಲರು ಸಿಕ್ಕಿದ್ದು ಹಳಿಯಾಳದ ಆಚೆ, ಕಾಡಿನ ಅಂಚಿನ ಒಂದು ಸಿದ್ದಿಯರ ಕೇರಿಯಲ್ಲಿ. ಸಿದ್ದಿಯರ ಹಿರಿಯರು ಆಫ್ರಿಕಾದಿಂದ ಗೋವೆಗೆ ಬಂದವರು ಎನ್ನುತ್ತಾರೆ. ಬಂದವರಲ್ಲ, ಬೇರೆಯವರು ಹಿಡಿದು ತಂದವರು. ಅಲ್ಲಿ ಮರಿಯಾಬಾಯಿ ಎಂಬ ಮುದುಕಿ ಇದ್ದಳು. ಕೇರಿಗೆಲ್ಲ ಅವಳ ಮಾತೇ ಮಾತು. ಅವಳು ತೋಳು ಚಾಚಿದ ಮೇಲೆಯೇ ಉಳಿದವರು ಚಾಚುತ್ತಿದ್ದರು. ಆ ದಿನ ಅವಳ ತೋಳಿಗೆ ಸೂಜಿ ತಿರುಗಿಸಿ ತಲೆಯೆತ್ತಿದಾಗ ಗೂಟಕ್ಕೆ ತೂಗಿದ ತಗಡಿನ ಡಬ್ಬಿಯಿಂದ ಅವಳು ಅಡಿಕೆ ತೆಗೆಯುತ್ತಿದ್ದಳು. ಅಡಿಕೆಯ ಜೊತೆ ಇದು ಇಣುಕಿತು.

ಕೈಗೆ ತೆಗೆದುಕೊಂಡು ಅಕ್ಷರ ಓದಿದೆ. ಬ್ಯಾಂಡಿನ ಗುಂಡಿಯ ಮೇಲೆ ಇಷ್ಟು ಅಕ್ಷರ ಇರುವುದಿಲ್ಲ. ಇದೆಲ್ಲಿಯದು ಎಂದು ಕೇಳಿದರೆ, ಅವಳ ಅಜ್ಜಿಯ ಅಜ್ಜಿ ಗೋವೆಯ ಕಡೆಯ ಯಾವುದೋ ದೊಡ್ಡ ಮನೆಯಿಂದ ಘಟ್ಟ ಹತ್ತಿ ಓಡಿ ಬಂದಾಗ ಕೊರಳಲ್ಲಿ ಇತ್ತಂತೆ. ಕೊಟ್ಟದ್ದೋ ತೆಗೆದುಕೊಂಡದ್ದೋ ಯಾರೂ ಕೇಳಿಲ್ಲ. ಕೊಂಡಿ ಕಿತ್ತುಹೋಗಿ ಬಹಳ ವರ್ಷವಾಗಿತ್ತು. ಮರಿಯಾಬಾಯಿ ನಾಣ್ಯದ ಮೇಲೆ ಹೆಬ್ಬೆರಳು ಆಡಿಸಿ ಹೇಳಿದಳು.

“ಈಕಿ ಕೂದ್ಲ ನಮ್ಮಂಗ ಐತಿ ನೋಡ್ರಿ. ಹಣಗಿ ಹೋಗೂದಿಲ್ಲ.”

ಹೌದು, ಹಾಗೆಯೇ ಇತ್ತು. ಆ ಹೆಂಗಸಿನ ಕೂದಲು ಯಾವ ಬಾಚಣಿಗೆಯ ಮಾತೂ ಕೇಳದೆ ಹಿಂದಕ್ಕೆ ಹರಡಿಕೊಂಡಿತ್ತು. ನಾನು ಬದಲಿಗೆ ರಾಣಿ ಛಾಪಿನ ಮೂರು ಬೆಳ್ಳಿ ರೂಪಾಯಿ ಕೊಡುತ್ತೇನೆ, ತೂಕದಲ್ಲಿ ನಿಮಗೇ ಲಾಭ ಎಂದೆ. ಅವಳು ರೂಪಾಯಿ ನೋಡಲಿಲ್ಲ, ನನ್ನ ಸೈಕಲ್ಲಿಗೆ ಕಟ್ಟಿದ ಕೊಡೆ ನೋಡಿದಳು. ಅದು ಸರಕಾರದ ಕೊಡೆ. ಅದರ ಬಟ್ಟೆಯ ಮೇಲೆ ಬಿಳಿ ಬಣ್ಣದ ನಂಬರು ಇತ್ತು. ಮೂರು ರೂಪಾಯಿಯ ಜೊತೆ ಅದನ್ನೂ ಕೊಟ್ಟೆ. ಕೊಡೆ ಗಾಳಿಗೆ ಹಾರಿಹೋಯಿತು ಎಂದು ಕಚೇರಿಗೆ ಬರೆದೆ. ಗಾಳಿ ಯಾವ ದಿಕ್ಕಿನಿಂದ ಬೀಸಿತು ಎಂದು ಅವರು ಕೇಳಿದ್ದು ಬೇರೆ ಕಥೆ. ಹೊರಡುವಾಗ ಮರಿಯಾಬಾಯಿ ಒಂದೇ ಮಾತು ತೆಗೆದುಕೊಂಡಳು: ಇದನ್ನು ಕರಗಿಸಬಾರದು. ಕರಗಿಸುವವನ ಕೈಗೆ ಕೊಡುವುದೇ ಇಲ್ಲ ಎಂದು ನಾನು ಆಣೆ ಮಾಡಿದೆ.

ಇನ್ನು ಮನೆಯ ಸಂಗತಿ. ಮನೆಯಲ್ಲಿ ಅವ್ವ, ನಾನು, ನನ್ನ ಹೆಂಡತಿ ನೀಲಾ. ಅಪ್ಪ ಆಗಲೇ ತೀರಿಕೊಂಡಿದ್ದರು. ನೀಲಾಗೆ ದಿನ ತುಂಬುತ್ತಿತ್ತು. ಅವಳ ತಾಯಿ ಇಲ್ಲದ್ದರಿಂದ ಬಾಣಂತನ ನಮ್ಮಲ್ಲೇ. ಅದಕ್ಕೂ ಹಿಂದಿನ ವರ್ಷ ಮೊದಲನೆಯ ಕೂಸು ಹುಟ್ಟುವಾಗಲೇ ಹೋಗಿತ್ತು. ಆ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವ್ವ ಮಾತ್ರ ಈ ಸಲ ಹಲ್ಲಿ ಲೊಚಗುಟ್ಟಿದರೂ ನಿಂತು ಕೇಳುತ್ತಿದ್ದಳು. ನಾನು ಒಳಗೊಳಗೆ ಹೆದರಿಕೊಂಡಿದ್ದೆ. ಆದರೆ ಭಾಷಣ ಮಾಡುವ ಮನುಷ್ಯ ಹಾಗೆ ಹೇಳುವಂತಿಲ್ಲವಲ್ಲ.

ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ನಾನು ಡಾಲರನ್ನು ಅವ್ವನ ಕೈಗಿಟ್ಟೆ. ಅವಳು ದೀಪಕ್ಕೆ ಹಿಡಿದು ನೋಡಿದಳು. ಮುಖ ಇಳಿಯಿತು.

“ತಲಿ ಬಿಟ್ಕೊಂಡು ನಿಂತಾಕಿನ್ನ ಮನಿಗೆ ಕರಕೊಂಡು ಬಂದಿಯಲ್ಲೋ ಬಸು. ಹಣಿಮ್ಯಾಲ ಕುಂಕಮ ಇಲ್ಲ, ಕೊರಳಾಗ ತಾಳಿ ಇಲ್ಲ. ಒಳಗ ಬಸರಿ ಹೆಣಮಗಳು ಅದಾಳ ಅನ್ನೂ ಖಬರ ಐತೇನು ನಿನಗ?”

ಅವಳ ಲೆಕ್ಕದಲ್ಲಿ ತಲೆ ಬಿಟ್ಟುಕೊಂಡು ತಿರುಗುವವರು ಎರಡೇ ನಮೂನೆ: ಯಾರೋ ಸತ್ತ ಮನೆಯವರು, ಇಲ್ಲವೇ ತಾವೇ ಸತ್ತವರು. ವಿಕ್ಟೋರಿಯಾ ರಾಣಿಯ ರೂಪಾಯಿಗಳ ಬಗ್ಗೆ ಅವಳಿಗೆ ತಕರಾರು ಇರಲಿಲ್ಲ. ಆ ರಾಣಿ ಪರದೇಶದವಳಾದರೂ ತುರುಬು ಕಟ್ಟಿಕೊಂಡು, ಮೇಲೆ ಕಿರೀಟ ಇಟ್ಟುಕೊಂಡು ಮರ್ಯಾದೆಯಿಂದ ಇದ್ದವಳು. ನಾನು ಗಂಟಲು ಸರಿಮಾಡಿಕೊಂಡು, ಇವಳು ಹೆಂಗಸಲ್ಲ, ಸ್ವಾತಂತ್ರ್ಯ ದೇವಿ, ಅಮೇರಿಕಾದವರು ಇಂಗ್ಲಿಷರನ್ನು ಓಡಿಸಿ ಸ್ವಾತಂತ್ರ್ಯ ಪಡೆದ ಗುರುತಿಗೆ ಇವಳನ್ನು ಕೊರೆಸಿದರು ಎಂದು ವಿವರಿಸಿದೆ. ಅವ್ವ ಪೂರ್ತಿ ಕೇಳಿದಳು.

“ಸ್ವಾತಂತ್ರ್ಯ ಬಂದರ ತಲಿ ಕಟ್ಕೋಬಾರದೇನು? ನಮಗೂ ಬಂದೈತಿ. ನಾವೇನು ತಲಿ ಬಿಟ್ಕೊಂಡು ಅಡ್ಡಾಡಾಕತ್ತೇವಿ?”

ಒಳಗಿನಿಂದ ನೀಲಾ, ಪಾಪ ತಲೆ ಎರೆದುಕೊಂಡು ಕೂದಲು ಆರಿಸಿಕೊಳ್ಳುತ್ತಿರಬೇಕು ಬಿಡಿ ಅತ್ತೆ ಎಂದು ನನ್ನ ಪಕ್ಷ ವಹಿಸಿದಳು. ನೂರಾ ಅರವತ್ತು ವರ್ಷದ ಮೇಲಾದರೂ ಆರಲಿಲ್ಲವೇ ಎಂದು ಅವ್ವ ಕೇಳಿದಳು. ನಾಣ್ಯದ ಇಸವಿ ಹೇಳಿಕೊಟ್ಟವನು ನಾನೇ. ಕೊನೆಗೆ ಡಾಲರಿಗೆ ದನದ ಕೊಟ್ಟಿಗೆಯ ಗೂಡಿನಲ್ಲಿ ಜಾಗ ಸಿಕ್ಕಿತು.

ನಾನು ಕೋಟಬಾಗಿ ವಕೀಲರಿಗೆ ಕಾರ್ಡು ಬರೆದೆ. ಪೋಸ್ಟ್‌ಮನ್ ಓದಲಿ ಎಂದೇ ದಪ್ಪ ಅಕ್ಷರದಲ್ಲಿ ಬರೆದೆ. ವಾರದೊಳಗೆ ಉತ್ತರ ಬಂತು. ಮುಂದಿನ ತಿಂಗಳ ಮೊದಲ ಬುಧವಾರ ಹಳಿಯಾಳದ ಕೋರ್ಟಿನಲ್ಲಿ ಒಂದು ಕೆಲಸವಿದೆ, ಮುಗಿಸಿಕೊಂಡು ಬಂದು ನೋಡುತ್ತೇನೆ, ಅಲ್ಲಿಯವರೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ ಎಂದಿದ್ದರು. ಅವರು ಎಚ್ಚರಿಕೆ ಕೊಟ್ಟದ್ದು ಹುಣಸೆಹಣ್ಣಿನ ಬಗ್ಗೆ ಮಾತ್ರ.

ಅಷ್ಟರಲ್ಲಿ ನನಗೆ ಕುಂಬಾರವಾಡದ ಕಡೆ ಹುಕುಂ ಬಂತು. ಮೂರು ದಿನದ ಕೆಲಸ. ಬಸ್ಸಿನ ಭರವಸೆಯಿಲ್ಲದ ಊರು. ಹೋಗುವ ಬಸ್ಸು ಸಿಕ್ಕರೆ ಬರುವ ಬಸ್ಸು ಸಿಗದು. ಎಂಟು ದಿನ ಅಲ್ಲಿಯೇ ಉಳಿದೆ. ಎಂಟು ದಿನವೂ ಸಂಜೆ ಹೊತ್ತು ಮನಸ್ಸಿನಲ್ಲೇ ಕೆಂಪು ಪುಸ್ತಕ ತೆರೆದು ನನ್ನ ಹೆಸರು ಓದಿಕೊಂಡೆ. ಒಮ್ಮೆ ಅದರ ಮುಂದೆ ‘ಶ್ರೀಯುತ’ ಎಂದು ಸೇರಿಸಿದೆ.

ತಿರುಗಿ ಬಂದದ್ದು ಮಂಗಳವಾರ ಸಂಜೆ. ಕೊಟ್ಟಿಗೆಯ ಗೂಡು ನೋಡಿದೆ, ಖಾಲಿ. ಅವ್ವ ನನ್ನನ್ನು ನಗುತ್ತ ಕರೆದು ದೇವರ ಜಗಲಿಯ ಮುಂದೆ ನಿಲ್ಲಿಸಿದಳು. ಡಾಲರು ಅಲ್ಲಿ ಹೂವಿನ ನಡುವೆ ಕೂತಿತ್ತು. ತಲೆಯ ಹಿಂದೆ ಗೋಲಿಯಷ್ಟು ದೊಡ್ಡ ತುರುಬು. ತುರುಬಿನ ಸುತ್ತ ಮಲ್ಲಿಗೆಯ ದಂಡೆ, ಎಸಳು ಎಣಿಸಬಹುದಾದಷ್ಟು ನಾಜೂಕು ಕೆಲಸ. ಬೊಟ್ಟು, ತಾಳಿ. ಮೂಗುಬೊಟ್ಟು ಮಾತ್ರ ಅವ್ವ ಕೆಲಸ ಕೊಟ್ಟ ಅಕ್ಕಸಾಲಿ, ಪತ್ತಾರ ಕಾಳಪ್ಪ, ತನ್ನ ಕಡೆಯಿಂದ ಇಟ್ಟದ್ದಂತೆ. ಇದನ್ನು ಮಾಡಿದ ಅಮೇರಿಕಾದ ಪತ್ತಾರನಿಗೆ ಇನ್ನೂ ಕೈ ಕೂತಿಲ್ಲ, ಹಿಂಬದಿಯ ಹದ್ದು ಬಡಕಲು ಹುಂಜದಂತಿದೆ, ಹೇಳಿದರೆ ಅದನ್ನೂ ಸರಿಮಾಡಿ ಕೊಡುತ್ತೇನೆ ಎಂದೂ ಹೇಳಿ ಕಳಿಸಿದ್ದನಂತೆ.

“ಈಗ ನೋಡು, ಹೆಂಗ ಗರತಿ ಕಂಡಂಗ ಕಾಣ್ತಾಳ,” ಎಂದಳು ಅವ್ವ.

ನನಗೆ ಸಿಟ್ಟು ಬಂದಿತ್ತು. ಅಳುವೂ ಬಂದಿತ್ತು. ಆದರೆ ಅವ್ವನ ಮುಖದಲ್ಲಿ ಎಷ್ಟೋ ತಿಂಗಳಿಂದ ಇಲ್ಲದ ನಿಶ್ಚಿಂತೆ ಇತ್ತು. ಅದನ್ನು ನೋಡಿ ಡಾಲರನ್ನು ಇದ್ದಲ್ಲಿಯೇ ಬಿಟ್ಟೆ. ನೀಲಾ ಬಾಗಿಲ ಮರೆಯಲ್ಲಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅವತ್ತು ಊಟ ಸೇರಲಿಲ್ಲ. ಸ್ವಾತಂತ್ರ್ಯ ದೇವಿಗೆ ತಾಳಿ ಕಟ್ಟಿದವನು ಎಂದು ಧಾರವಾಡದಲ್ಲೆಲ್ಲ ನನ್ನ ಹೆಸರು ಹೇಗೆ ಹರಡಬಹುದು ಎಂದು ಯೋಚಿಸುತ್ತ ಮಲಗಿದೆ.

ಬುಧವಾರ ಬೆಳಗಾಗುತ್ತಲೇ ನೀಲಾಗೆ ನೋವು ಶುರುವಾಯಿತು. ಸೂಲಗಿತ್ತಿ ಫಕೀರವ್ವ ಬಂದಳು, ಒಳಕೋಣೆಯ ಬಾಗಿಲು ಹಾಕಿಕೊಂಡಳು. ಬಿಸಿಲು ಏರಿತು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ನನಗೆ ಹಿಂದಿನ ವರ್ಷದ ಹನ್ನೊಂದು ಗಂಟೆಯ ನೆನಪು ಬಂತು. ಆಗ ಫಕೀರವ್ವ ಹೊರಗೆ ತಲೆ ಹಾಕಿ ಅವ್ವನಿಗೆ ಹೇಳಿದಳು. ಕೂಸು ದಾರಿ ಹಿಡಿಯುತ್ತಿಲ್ಲ, ಮನೆಯೊಳಗೆ ಗಂಟು ಎಂಬುದು ಇರಬಾರದು, ಕಟ್ಟಿದ್ದನ್ನೆಲ್ಲ ಬಿಚ್ಚಿ, ಮುಚ್ಚಿದ್ದನ್ನೆಲ್ಲ ತೆರೆಯಿರಿ.

ಅವ್ವ ಮೊದಲು ತನ್ನ ತಲೆ ಬಿಚ್ಚಿದಳು. ನಾನು ಹುಟ್ಟಿದಾಗಿನಿಂದ ಅವಳ ಬಿಚ್ಚಿದ ತಲೆ ನೋಡಿದವನಲ್ಲ. ನೆರವಿಗೆ ಬಂದ ನೆರೆಮನೆಯ ಹೆಂಗಸರೂ ಬಿಚ್ಚಿದರು. ಟ್ರಂಕು, ಕಪಾಟು, ಉಪ್ಪಿನಕಾಯಿಯ ಭರಣಿ, ಅಕ್ಕಿಯ ಚೀಲದ ಬಾಯಿ, ನನ್ನ ಲಸಿಕೆಯ ಪೆಟ್ಟಿಗೆ, ಎಲ್ಲವೂ ತೆರೆದವು. ಕರುವಿನ ಹಗ್ಗ ಬಿಚ್ಚಿದ್ದರಿಂದ ಕರು ಪಡಸಾಲೆಗೆ ಬಂತು. ನನ್ನ ಅಂಗಿಯ ಗುಂಡಿ, ಚಪ್ಪಲಿಯ ಪಟ್ಟಿ, ಉಡದಾರ, ಯಾವುದೂ ಉಳಿಯಲಿಲ್ಲ. ಉಡದಾರ ಹೋದ ಮೇಲೆ ಧೋತರವನ್ನು ಕೈಯಲ್ಲೇ ಹಿಡಿದುಕೊಳ್ಳಬೇಕಾಯಿತು. ಕೊರಳಿನ ಶಿವದಾರಕ್ಕೆ ಅವ್ವ ಕೈ ಹಾಕಿ ಅನುಮಾನಿಸಿದಾಗ, ಅದು ಗಂಟಲ್ಲ, ಲಿಂಗಪ್ಪ ಇರುವ ಜಾಗ, ಅದು ಇರಲಿ ಎಂದು ಫಕೀರವ್ವ ತೀರ್ಪು ಕೊಟ್ಟಳು.

ಕೋಟಬಾಗಿ ವಕೀಲರು ಒಳಗೆ ಬಂದದ್ದು ಈ ಹೊತ್ತಿಗೆ. ಕರಿ ಕೋಟು, ದೊಡ್ಡ ರುಮಾಲು, ಬೂಟು, ಬಗಲಲ್ಲಿ ಕೋರ್ಟಿನ ಕಾಗದದ ಕಟ್ಟು. ಅವರ ಎದುರಿಗೆ ತಲೆ ಬಿಟ್ಟುಕೊಂಡ ನಾಲ್ಕು ಹೆಂಗಸರು, ಬಾಯಿ ತೆರೆದ ಕಪಾಟುಗಳು, ಅವರದೇ ಹಳೆಯ ಕಾರ್ಡನ್ನು ಅಗಿಯುತ್ತಿದ್ದ ಕರು, ಧೋತರ ಹಿಡಿದುಕೊಂಡು ನಮಸ್ಕಾರ ಮಾಡಲಾಗದ ನಾನು. ಅವರು ಬಂದ ಹಾದಿಯಲ್ಲೇ ತಿರುಗುತ್ತಿದ್ದರೇನೋ, ಅವ್ವ ಬಿಡಲಿಲ್ಲ. ಸಂಗತಿ ಹೇಳಿ ಬೂಟಿನ ಲೇಸು ಬಿಚ್ಚಿಸಿದಳು. ಕೋಟಿನ ಗುಂಡಿ ಬಿಚ್ಚಿಸಿದಳು. ಕಾಗದದ ಕಟ್ಟಿನ ಕೆಂಪು ಲಾಡಿಯನ್ನು ತಾನೇ ಬಿಚ್ಚಿದಳು. ಯಾರದೋ ಹೊಲದ ವ್ಯಾಜ್ಯ ಪಡಸಾಲೆಯ ತುಂಬ ಹರಡಿತು. ಆಮೇಲೆ ಅವಳ ಕಣ್ಣು ರುಮಾಲಿನ ಮೇಲೆ ಹೋಯಿತು.

“ರುಮಾಲಿಗೆ ಗಂಟ ಇರೂದಿಲ್ಲ ತಾಯಿ. ಇದು ಕಟ್ಟಿದ್ದಲ್ಲ, ಸುತ್ತಿದ್ದು,” ಎಂದರು ವಕೀಲರು. ನಲವತ್ತು ವರ್ಷ ಕೋರ್ಟಿನಲ್ಲಿ ಮಾತಾಡಿದವರು. ಅವ್ವ ಆ ವಾದ ಒಪ್ಪಿಕೊಂಡಳು.

ಬೇರೆ ಏನು ಮಾಡಲೂ ತೋಚದೆ ನಾನು ಜಗಲಿಯಿಂದ ಡಾಲರು ತಂದು ಅವರ ಕೈಗೆ ಕೊಟ್ಟೆ. ನಗಲಿ ಬಿಡು ಎಂದುಕೊಂಡೆ. ಅವರು ಭೂತಗನ್ನಡಿ ತೆಗೆದು ಬಹಳ ಹೊತ್ತು ನೋಡಿದರು. ಅಂಚು ನೋಡಿದರು, ನಕ್ಷತ್ರ ಎಣಿಸಿದರು, ಬಡಕಲು ಹದ್ದನ್ನು ನೋಡಿದರು. ನಗಲಿಲ್ಲ. ಇದು ಖರೇ ಇದೆ ಎಂದರು. ಬೊಟ್ಟು, ತಾಳಿಗಳು ಗಾಯ, ಆದರೆ ಜೀವಕ್ಕೆ ಅಪಾಯವಿಲ್ಲ. ತುರುಬನ್ನು ಮಾತ್ರ ಮೇಲಿಂದ ಬೆಸೆದಿದ್ದಾರೆ, ಅದರಡಿ ಕೂದಲು ಹಾಗೇ ಇರುವಂತೆ ಕಾಣುತ್ತದೆ.

“ಮುಂಬೈದಾಗ ನಮ್ಮ ಪರಿಚಯದವ ಒಬ್ಬ ಅದಾನ. ತುರುಬ ಅಷ್ಟ ಹಗೂರಕ ಎಬ್ಬಸ್ತಾನ. ಅಲ್ಲೀತನಕ ಇದಕ್ಕ ಯಾರೂ ಬೆಂಕಿ ತೋರಸಬಾರದು. ನಾ ನಿಮ್ಮ ಹೆಸರ ಬರೀತೇನಿ, ಬಸಪ್ಪ.”

ಈ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ. ಅದು ಕಿವಿಗೆ ಬಿದ್ದಾಗ ಒಳಕೋಣೆಯಿಂದ ನೀಲಾಳ ದನಿ ಬರುತ್ತಿತ್ತು. ದನಿ ಸಣ್ಣದಾಗುತ್ತಿತ್ತು. ಫಕೀರವ್ವ ಬಾಗಿಲು ತೆರೆದು, ಮನೆಯಲ್ಲಿ ಇನ್ನೂ ಎಲ್ಲೋ ಒಂದು ಗಂಟು ಉಳಿದಿದೆ ಎಂದಳು.

ಅವ್ವ ಸುತ್ತಲೂ ನೋಡಿದಳು. ಕಣ್ಣು ವಕೀಲರ ಅಂಗೈಯಲ್ಲಿ ನಿಂತಿತು.

“ಅಕಿ ತುರುಬ ನಾನ ಕಟ್ಟಿಸೇನಿ,” ಎಂದಳು. “ಬಿಚ್ಚಿಸ್ಕೊಂಡು ಬಾ, ಬಸು.”

ಅವ್ವಾ ಅದು ಬೆಳ್ಳಿ ಎಂದೆ ನಾನು. ಬೆಳ್ಳಿಗೂ ಹೆರಿಗೆಗೂ ಏನು ಸಂಬಂಧ ಎಂದೂ ಹೇಳಲಿಕ್ಕಿದ್ದೆ. ನಲವತ್ತು ಹಳ್ಳಿಗಳಲ್ಲಿ ಹೇಳಿ ಬಾಯಿಪಾಠವಾದ ಭಾಷಣ ಅದು.

“ಬೆಳ್ಳಿ ಅಂತ ನನಗೂ ಗೊತ್ತೈತಿ. ಹೋದ ವರ್ಷ ಎಲ್ಲಾ ಗೊತ್ತಿದ್ದವರ ಇದ್ದಿವಿ.”

ಆಗ ಕೋಟಬಾಗಿ ವಕೀಲರು ಭೂತಗನ್ನಡಿಯನ್ನು ಜೇಬಿಗೆ ಹಾಕಿದರು, ಡಾಲರನ್ನು ನನ್ನ ಕೈಯಲ್ಲಿಟ್ಟರು, ಎರಡೂ ಕೈ ಮೇಲೆತ್ತಿ ತಮ್ಮ ರುಮಾಲು ಬಿಚ್ಚತೊಡಗಿದರು.

ನಾನು ಓಡಿದೆ. ಒಂದು ಕೈಯಲ್ಲಿ ಧೋತರ, ಒಂದು ಕೈಯಲ್ಲಿ ಡಾಲರು, ಗುಂಡಿಯಿಲ್ಲದ ಅಂಗಿ ಹಿಂದಕ್ಕೆ ಹಾರುತ್ತಿತ್ತು. ಹಳಿಯಾಳದ ಪೇಟೆಯವರು ಅಂಗಡಿಯಿಂದ ಎದ್ದು ನಿಂತು ನೋಡಿದರು. ನಾನು ಬಂದರೆ ಓಡುತ್ತಿದ್ದ ಮಕ್ಕಳು ಆ ದಿನ ನನ್ನ ಹಿಂದೆ ಓಡಿದರು. ಯಾರೋ ದೇವಿ ಡಾಕ್ಟರನಿಗೇ ದೇವಿ ಹಾಕಲು ಬೆನ್ನು ಹತ್ತಿರಬೇಕು ಎಂದು ಒಬ್ಬ ಮುದುಕ ಸಂತೋಷದಿಂದ ಹೇಳಿದ್ದು ಕೇಳಿಸಿತು. ಮೂಢನಂಬಿಕೆ ಬಿಡಿ ಎಂದು ಅವನ ತೋಳಿಗೆ ಸೂಜಿ ತಿರುಗಿಸಿದವನು ನಾನೇ.

ಕಾಳಪ್ಪ ಪತ್ತಾರ ಊಟಕ್ಕೆ ಏಳುತ್ತಿದ್ದ. ತುರುಬು ಬಿಚ್ಚು ಎಂದೆ. ಅವನು ನೊಂದುಕೊಂಡ. ಮೂರು ದಿನದ ಕೆಲಸ, ದಂಡೆಯ ಎಸಳು ಹೊಡೆಯುವಾಗ ಕಣ್ಣು ಹೋಗಿವೆ, ಏನು ತಪ್ಪಾಗಿದೆ ಹೇಳಿ ಎಂದು ಪಟ್ಟು ಹಿಡಿದ. ನಾನು ಎರಡು ಶಬ್ದದಲ್ಲಿ ಸಂಗತಿ ಹೇಳಿದೆ. ಅವನು ಇದ್ದಿಲ ಮೇಲಿನ ಬೂದಿ ಸರಿಸಿ ಊದುಗೊಳವೆ ತೆಗೆದುಕೊಂಡ. ಹಗುರಕ್ಕೆ ಮಾಡಲು ಹೊತ್ತು ಬೇಕು, ಈಗಿಂದೀಗ ಎಂದರೆ ಕೆಳಗಿನ ಕೂದಲೂ ಹೋಗುತ್ತದೆ, ನೋಡಿ ಎಂದು ಒಮ್ಮೆ ಕೇಳಿದ. ಈಗಿಂದೀಗ ಎಂದೆ. ಬೆಂಕಿ ನೀಲಿಯಾಗಿ ನಾಣ್ಯದ ಮೇಲೆ ಬಾಗಿತು. ತುರುಬು ಸಡಿಲಾಯಿತು, ಸ್ವಲ್ಪ ಜಾರಿತು, ಮಲ್ಲಿಗೆಯ ದಂಡೆಯ ಸಮೇತ ಇದ್ದಿಲೊಳಗೆ ಬಿತ್ತು. ಜೊತೆಗೆ ಅಮೇರಿಕಾದವರು ಕೊರೆದ ಕೂದಲು ನೀರಾಗಿ ಹರಿದು ಮಟ್ಟಸವಾಯಿತು. ಕರಗಿಸಬಾರದು ಎಂದು ಮರಿಯಾಬಾಯಿ ಹೇಳಿದ್ದು ನೆನಪಾಯಿತು. ನೆನಪಾಗುವಷ್ಟರಲ್ಲಿ ನಾನು ಮತ್ತೆ ಓಡುತ್ತಿದ್ದೆ.

ನಮ್ಮ ಓಣಿಯ ತಿರುವಿನಲ್ಲಿ ಕೂಸಿನ ಅಳು ಕೇಳಿಸಿತು.

ನಿಂತೆ. ಅಲ್ಲೇ ಯಾರದೋ ಕಟ್ಟೆಯ ಮೇಲೆ ಕೂತು ಅತ್ತೆ. ನಾಣ್ಯಕ್ಕಾಗಿ ಅಲ್ಲ.

ಹೆಣ್ಣು ಕೂಸು. ತಲೆತುಂಬ ಕಪ್ಪು ಕೂದಲು. ತುರುಬು ಬಿದ್ದ ಗಳಿಗೆಗೆ ಸರಿಯಾಗಿ ಹುಟ್ಟಿತು, ನಾಣ್ಯದ ಮೇಲಿನ ಕೂದಲು ಎಲ್ಲಿಗೆ ಹೋಯಿತು ಎಂದು ಬೇರೆ ಕೇಳಬೇಕೇ ಎಂದು ಅವ್ವ ಸಾಯುವವರೆಗೆ ಹೇಳಿದಳು. ಫಕೀರವ್ವನ ಪ್ರಕಾರ ವಕೀಲರ ರುಮಾಲಿನ ಕೊನೆಯ ಸುತ್ತು ಬಿಚ್ಚಿದಾಗ ಹುಟ್ಟಿತು. ನೀಲಾಳನ್ನು ಕೇಳಿದರೆ, ನೀವು ಹೊರಗೆ ಹೋದ ಕೂಡಲೇ ಹುಟ್ಟಿತು, ಗದ್ದಲ ಕಡಿಮೆಯಾಯಿತಲ್ಲ ಎನ್ನುತ್ತಾಳೆ. ನನಗೆ ಅವಳ ಮಾತೇ ನಿಜ ಅನ್ನಿಸುತ್ತದೆ, ಆದರೆ ಒಪ್ಪಿಕೊಂಡರೆ ನಾನು ಓಡಿದ್ದು ದಂಡವಾಗುತ್ತದೆ.

ವಕೀಲರು ಬೆಲ್ಲ ತಿಂದು, ನೀರು ಕುಡಿದು, ಕಟ್ಟೆಯ ಮೇಲೆ ಕೂತು ರುಮಾಲು ಸುತ್ತತೊಡಗಿದರು. ಇನ್ನೊಂದು ತುದಿ ಕರುವಿನ ಬಾಯಿಯಲ್ಲಿದ್ದುದರಿಂದ ತಡವಾಯಿತು. ಡಾಲರನ್ನು ಮತ್ತೆ ಕೇಳಲಿಲ್ಲ. ಹದಿನೈದು ದಿನದ ಮೇಲೆ ಕಾರ್ಡು ಬಂತು: ‘ತಮ್ಮ ಹೆಸರನ್ನು ಪುಸ್ತಕದಲ್ಲಿ ಬರೆಯಲಾಗಿದೆ. ನಾಣ್ಯವನ್ನು ನಾನು ಕಣ್ಣಾರೆ ನೋಡಿದ್ದೇನೆ ಎಂದು ಸಭೆಗೆ ತಿಳಿಸಿದೆ. ಆಮೇಲೆ ಏನಾಯಿತೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೂಸಿಗೆ ಆಶೀರ್ವಾದ.’ ಹೆಸರಿನ ಮುಂದೆ ಶ್ರೀಯುತ ಇತ್ತೋ ಇಲ್ಲವೋ, ಆ ಪುಸ್ತಕ ನಾನು ಕೊನೆಗೂ ನೋಡಲಿಲ್ಲ.

ಉಳಿದದ್ದು ಮರಿಯಾಬಾಯಿಯ ಆಣೆ. ಎರಡು ತಿಂಗಳು ಆ ಕೇರಿಗೆ ಹೋಗುವುದನ್ನು ಮುಂದೂಡಿದೆ. ಮತ್ತೆ ಹುಕುಂ ಬಂದಾಗ ಹೋಗದೆ ಗತಿಯಿರಲಿಲ್ಲ. ಅವಳು ನನ್ನ ಸರಕಾರದ ಕೊಡೆ ಬಿಚ್ಚಿ, ಅದರ ನೆರಳಿನಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದಳು. ನಾನು ಸೈಕಲ್ಲಿನಿಂದ ಇಳಿದವನೇ ಲಸಿಕೆಯ ಪೆಟ್ಟಿಗೆ ತೆರೆಯುವ ಮೊದಲು ಎಲ್ಲ ಹೇಳಿಬಿಟ್ಟೆ. ಅವ್ವನ ಅಂಜಿಕೆ, ತುರುಬು, ಫಕೀರವ್ವ, ರುಮಾಲು, ಬೆಂಕಿ. ಮಾತು ಕೊಟ್ಟು ತಪ್ಪಿದೆ, ನಿಮ್ಮ ಐದು ತಲೆಮಾರು ಕಾಯ್ದದ್ದನ್ನು ನಾನು ಒಂದು ತಿಂಗಳು ಕಾಯಲಿಲ್ಲ, ಬೇಕಾದರೆ ತಿರುಗಿ ತೆಗೆದುಕೊಳ್ಳಿ ಎಂದು ಡಾಲರನ್ನು ಅವಳ ಮುಂದಿಟ್ಟೆ. ಅವಳು ಕೈಗೆತ್ತಿಕೊಂಡಳು. ಮೂಗುಬೊಟ್ಟು ನೋಡಿದಳು, ಬೊಟ್ಟು ನೋಡಿದಳು. ಕೂದಲು ಹೋದ ಜಾಗದ ಮೇಲೆ ಮೊದಲಿನಂತೆ ಹೆಬ್ಬೆರಳು ಆಡಿಸಿದಳು. ಬಾಣಂತಿ, ಕೂಸು ಆರಾಮ ಇದ್ದಾರೆಯೇ ಎಂದು ಕೇಳಿದಳು. ಇದ್ದಾರೆ ಎಂದೆ. ಅವಳು ಡಾಲರನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

“ಅಂಜಬ್ಯಾಡ್ರಿ ಡಾಕ್ಟರ. ಬಾಣಂತನದಾಗ ಹೆಂಗಸರ ಕೂದ್ಲ ಉದರತಾವು. ಮತ್ತ ಬರ್ತಾವು.”

ಇದಾಗಿ ಮೂವತ್ತು ವರ್ಷ ಕಳೆದಿವೆ. ಮೊನ್ನೆ ಕತ್ತರಿ ಹುಡುಕುವುದನ್ನು ಬಿಟ್ಟು ಡಾಲರನ್ನು ಕಿಟಕಿಯ ಬೆಳಕಿಗೆ ಹಿಡಿದೆ, ಕನ್ನಡಕ ಒರೆಸಿಕೊಂಡು ತಲೆಯ ಹಿಂಭಾಗವನ್ನು ಚೆನ್ನಾಗಿ ನೋಡಿದೆ. ಇನ್ನೂ ಬಂದಿಲ್ಲ.